ಕಿಲ್ಲಾ ಕಾಣುವ ಕಿಟಕಿಗಳು

೨೦೦೪ರ ಮಾರ್ಚ್. ಹುಮನಾಬಾದಿನ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ನಮ್ಮೂರು ಬಸವಕಲ್ಯಾಣದಲ್ಲಿ, ನಮ್ಮ ಓಣಿಯ ಬೆನ್ನಿಗೇ, ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಮುಂಭಾಗದ ವಿನ್ಯಾಸ ನನ್ನ ಪಾಲಿಗೆ ಬಂದಿತ್ತು. ಚಳಿಗಾಲದಿಂದ ವಾರಕ್ಕೊಮ್ಮೆ ಸೈಟಿಗೆ ಹೋಗಿ, ಪಡುವಣ ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಹಾಗೆ ಹುಟ್ಟಿದವು ನೆಲದಿಂದಲೇ ಏಳುವ ಕಿಟಕಿಗಳು, ಅವುಗಳ ಬದಿಗೆ ಓರೆಯಾಗಿ ನಿಂತ ಗೋಡೆಗಳು. ಸಂಜೆಯ ಉರಿ ಒಳಗೆ ಬರಬಾರದು, ಊರಿನ ಹಳೆಯ ಕೋಟೆ, ಕಿಲ್ಲಾ ಮಾತ್ರ ಪೂರ್ತಿ ಕಾಣಬೇಕು.

ನಾಲ್ಕನೆಯ ಅಂತಸ್ತಿನ ಸ್ಲ್ಯಾಬ್ ಗಟ್ಟಿಯಾದ ಮೇಲೆ ಅವ್ವನನ್ನೂ ಪಕ್ಕದ ಮನೆಯ ಚಾಚಿಯನ್ನೂ ಕಟ್ಟಡ ತೋರಿಸಲು ಕರೆದೊಯ್ದೆ. ನಾನೂ ಅಷ್ಟು ಮೇಲೆ ಹತ್ತಿದ್ದು ಅಂದೇ ಮೊದಲು.

“ಅಯ್ಯಯ್ಯ, ಕಿಲ್ಲಾ ಕೈಗೇ ಸಿಗ್ತದಲ್ಲ!” ಎಂದಳು ಚಾಚಿ. ಆಮೇಲೆ ಕೆಳಗೆ ಬಗ್ಗಿ ನಕ್ಕಳು. “ಅಕ್ಕಾ, ನಿಮ್ಮ ಹಂಡೆ ತಿಕ್ಕಿಲ್ಲ ನೋಡ್ರಿ. ಇಲ್ಲಿತನಕ ಕಾಣಾಕತ್ತದ!”

ನಾನೂ ಬಗ್ಗಿದೆ. ತಾಮ್ರದ ಹಂಡೆ, ಹಗ್ಗದ ಮೇಲಿನ ಲಂಗ, ಅವ್ವ ಕೂತು ಮೈ ತೊಳೆಯುವ ಕಲ್ಲು. ನಮ್ಮ ಬಚ್ಚಲಿಗೆ ಆಳೆತ್ತರದ ಗೋಡೆಯಿತ್ತು, ಚಾವಣಿ ಇರಲಿಲ್ಲ. ಓಣಿಯಲ್ಲಿ ಯಾರ ಮನೆಯ ಬಚ್ಚಲಿಗೂ ಇರಲಿಲ್ಲ. ನನ್ನ ನಕ್ಷೆಯಲ್ಲಿ ಕಟ್ಟಡಕ್ಕೂ ಕಿಲ್ಲಾಕ್ಕೂ ನಡುವೆ ಇದ್ದದ್ದು ಬರೀ ಬಿಳಿ ಕಾಗದ.

ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹಿಂದೆ ಸರಿದಳು. ಯಾರೋ ಆಗಲೇ ನೋಡುತ್ತಿದ್ದಾರೆ ಎಂಬಂತೆ.

“ಇಲ್ಲಿ ಎಷ್ಟು ಮಂದಿ ಇರ್ತಾರ?”

“ಇಪ್ಪತ್ತು ಮನಿ, ಅವ್ವಾ.”

“ಎಲ್ಲಾರಿಗೂ ನೀ ಹೇಳಿದಂಥಾವೇ ಕಿಟಕಿ?”

ಚಾಚಿಯ ನಗು ನಿಂತಿತು. “ನಮ್ದೂ ಕಾಣ್ತದೇನು?” ಎಂದು ಇನ್ನೊಂದು ತುದಿಗೆ ಹೋದಳು. ಕಾಣುತ್ತಿತ್ತು.

ಮರುದಿನ ಆಫೀಸಿನಲ್ಲಿ, ಕಿಟಕಿಗಳ ಕೆಳಗಿನ ಭಾಗಕ್ಕೆ ಗೋಡೆ ಕಟ್ಟೋಣ, ಬೆಳಕು ಮೇಲಿಂದ ಬರುತ್ತದೆ, ದೂರದ ಕಿಲ್ಲಾ ಕಾಣುತ್ತದೆ, ಅಂಗಳಗಳು ಮರೆಯಾಗುತ್ತವೆ ಎಂದೆ.

“ಕಿಲ್ಲಾ ಕಾಣ್ತದಂತ ಬುಕಿಂಗ್ ಆಗ್ಯಾವ. ಈಗ ಗೋಡಿ ಮಾರ್ಲೇನು?” ಎಂದರು ಎಂಜಿನಿಯರರು.

“ಸರ, ಕೆಳಗ ಕಾಣೋದು ನಮ್ಮವ್ವನ ಬಚ್ಚಲರಿ.”

ಅವರು ಪೆನ್ಸಿಲ್ ಕೆಳಗಿಟ್ಟರು. ನನ್ನ ಮುಖ ನೋಡಲಿಲ್ಲ. “ಗೋಡಿ ಎದಿಮಟ ಹಾಕು” ಎಂದರು.

ಸುದ್ದಿ ಹೇಳಲು ಸಂಜೆಯ ಬಸ್ಸಿಗೆ ಓಡಿದೆ. ಮನೆಗೆ ಬಂದರೆ ಬಚ್ಚಲ ಮೇಲೆ ಆಗಲೇ ತಗಡು ಹೊದಿಸಿಯಾಗಿತ್ತು.

“ಗೋಡಿ ಬರ್ತದ ಅವ್ವಾ. ಕಿಟಕಿಯಿಂದ ಏನೂ ಕಾಣಂಗಿಲ್ಲ.”

“ಬರ್ಲಿ. ಐದಂತಸ್ತಿನ ಮಾಳಗಿ ಮ್ಯಾಲ ಹತ್ತಿ ನಿಂತು ನೋಡವ್ರಿಗೆ?”

ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅವ್ವ ಬಲ್ಬು ಹಚ್ಚಿಕೊಂಡು ಸ್ನಾನಕ್ಕೆ ಹೋದಳು.