ತಮ್ಮನನ್ನು ದಾಟಿದ್ದು

ಮಲಗಿದ ಮಕ್ಕಳನ್ನು ದಾಟಬಾರದು, ದಾಟಿದರೆ ಬೆಳೆಯುವುದಿಲ್ಲ, ಮರೆತು ದಾಟಿದರೆ ಹಿಂದಕ್ಕೊಮ್ಮೆ ದಾಟಿಬಿಡಬೇಕು. ನಮ್ಮ ಕಡೆಯ ಹೆಂಗಸರಿಗೆಲ್ಲ ಇದು ಗೊತ್ತು. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ನಾನು. ಹಾಲು ಉಕ್ಕಿತೆಂದು ಒಲೆಯ ಕಡೆ ಓಡುವಾಗ ಅವನನ್ನು ದಾಟಿದ್ದು ನೆನಪಿದೆ. ಹಿಂದಕ್ಕೆ ದಾಟಿದ್ದು ನೆನಪಿಲ್ಲ.

ತಮ್ಮ ಗಿಡ್ಡನಾಗಿಯೇ ಉಳಿದ. ಮದುವೆಯಾಗಿ ಗೌರಿಬಿದನೂರಿಗೆ ಬಂದಾಗ ಅವನನ್ನೂ ಕರೆತಂದೆ. ನನ್ನ ಯಜಮಾನರು ಅಲ್ಲಿ ಮೇಷ್ಟರು. ಸಂಜೆ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದರು. ತಮ್ಮ ಎಲ್ಲಿಂದ ಎಸೆದರೂ ಚೆಂಡು ಕಂಬದ ಮೇಲಿನ ಕಬ್ಬಿಣದ ಬಳೆಯೊಳಗೇ ಬೀಳುತ್ತಿತ್ತು. ಎತ್ತರ ಕೊಡದ ದೇವರು ಗುರಿಯನ್ನಾದರೂ ಕೊಟ್ಟನಲ್ಲ ಎಂದು ಶನಿವಾರ ದೀಪ ಹಚ್ಚುವಾಗ ಕೈಮುಗಿಯುತ್ತಿದ್ದೆ.

ಅರವತ್ತರ ದಶಕದಲ್ಲಿ ಕೆಲವು ಮಿಲ್ಲುಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಅಂಥ ಒಂದು ಮಿಲ್ಲಿನ ತರಬೇತಿಯವರು ನಮ್ಮೂರಿನ ತಂಡದಿಂದ ಒಬ್ಬನನ್ನು ಆರಿಸಲು ಬರುವವರಿದ್ದರು. ಓದು ತಲೆಗೆ ಹತ್ತದ ತಮ್ಮನಿಗೆ ಅದೊಂದೇ ದಾರಿ. ಅವರು ಬರುವ ಹಿಂದಿನ ದಿನ ಮಧ್ಯಾಹ್ನ ತಮ್ಮ ನಡುಮನೆಯಲ್ಲಿ ಮಲಗಿದ್ದಾಗ ಸೀರೆ ಎತ್ತಿ ಹಿಡಿದು, ಮೀಸೆ ಬಂದ ಗಂಡಸನ್ನು ಮೆಲ್ಲಗೆ ಹಿಂದಕ್ಕೆ ದಾಟಿದೆ. ಅವನು ಒಂದು ಕಣ್ಣು ತೆರೆದ.

"ಏನಕ್ಕ, ನಾಳೆ ಹೊತ್ತಿಗೆ ಬೆಳೀತೀನಾ?"

"ಸುಮ್ನೆ ಮಲಕ್ಕೋ."

"ನಿಧಾನಕ್ಕೆ ದಾಟು ಮತ್ತೆ. ಬಳೆ ಕೈಗೇ ಸಿಗೋ ಹಂಗಾಗ್ಲಿ."

ಮರುದಿನ ಆಟ ನೋಡಲು ಪಕ್ಕದ ಮನೆಯಾಕೆಯ ಜೊತೆ ಶಾಲೆಯ ಬೇಲಿ ಹತ್ತಿರ ನಿಂತೆ. ತಮ್ಮ ಎಸೆದದ್ದೆಲ್ಲ ಬಿತ್ತು. ಆದರೆ ಅವನು ತಡೆಯಬೇಕಾದ ಎದುರಾಳಿ ಪ್ರತಿ ಸಲ ಅವನನ್ನು ದಾಟಿಕೊಂಡು ಹೋಗುತ್ತಿದ್ದ. ಇವನು ಚೆಂಡು ವಾಪಸ್ಸು ಬರಲೆಂದು ಕಾಯುತ್ತ ನಿಲ್ಲುತ್ತಿದ್ದ. ವಿದುರಾಶ್ವತ್ಥದ ಉದ್ದನೆಯ ಹುಡುಗನೊಬ್ಬ ತಮ್ಮನ ತಂಡದಲ್ಲೇ ಆಡುತ್ತಿದ್ದ. ಅವನಿಗೆ ಎಸೆತ ಅಷ್ಟಕ್ಕಷ್ಟೆ. ತನ್ನ ಎದುರಾಳಿಯ ಜೊತೆಗೆ ತಮ್ಮನ ಎದುರಾಳಿಯನ್ನೂ ಅವನೇ ಓಡಿ ತಡೆಯುತ್ತಿದ್ದ.

"ನಿನ್ ತಮ್ಮ ಚೆನ್ನಾಗಿ ಸಂಪಾದಿಸ್ತಾನೆ ಕಣೇ," ಎಂದಳು ಪಕ್ಕದಾಕೆ. "ಆದ್ರೆ ಹಿಂದ್ಗಡೆ ಬಾಗ್ಲು ತೆಗ್ದಿಟ್ಟವ್ನೆ."

ಸಂಜೆ ಮಿಲ್ಲಿನವರು ಕಾಫಿಗೆ ಮನೆಗೆ ಬಂದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ಗಿಡ್ಡ ಅಂತಲ್ಲ ಮೇಷ್ಟ್ರೇ," ಎಂದರು ಅವರು. "ಗಿಡ್ಡನೂ ಆಗಿ, ತಡಿಯೋಕೂ ಹೋಗಲ್ಲ ಅಂದ್ರೆ ಮಿಕ್ಕೋರು ಅವನ ಪಾಲೂ ಓಡ್ಬೇಕು."

"ತಡಿಯೋದು ಕಲಿಸ್ಬೋದು. ಆ ಗುರಿನ ಯಾರಿಗೆ ಕಲಿಸ್ತೀರಿ?" ಎಂದರು ಯಜಮಾನರು.

"ಕಲೀತಾನಾ ಅನ್ನೋದೇ ನನ್ನ ಪ್ರಶ್ನೆ."

"ನಾನು ಭಾವ, ನನ್ನ ಮಾತು ಬೇಡ. ಸಾಕಿದೋಳು ಅವಳು, ಕೇಳಿ."

ಅವರು ನನ್ನ ಕಡೆ ತಿರುಗಿದರು. "ಏನಮ್ಮಾ, ಮನೇಲಿ ಹೇಗೆ? ಇನ್ನೊಬ್ರಿಗೋಸ್ಕರ ಮೈ ಬಗ್ಗಿಸ್ತಾನಾ?"

ದೇವರ ಮುಂದೆ ದೀಪ ಉರಿಯುತ್ತಿತ್ತು. ಅದರೆದುರು ಸುಳ್ಳು ಹೂಂ ಎನ್ನಲು ನಾಲಿಗೆ ಏಳಲಿಲ್ಲ. "ತಾಯಿಲ್ಲದ ಮಗು ಅಂತ ಒಂದು ಬಿಂದಿಗೆ ನೀರೂ ತರಿಸಿಲ್ಲ ಸ್ವಾಮಿ. ಬೆಳೆಸಿದ್ದೇ ಹಂಗೆ," ಎಂದೆ.

ಉದ್ದನೆಯ ಹುಡುಗನಿಗೆ ಕೆಲಸವಾಯಿತು. ಅವನ ಮನೆಯಲ್ಲೂ ಅಂದು ಯಾರೋ ದೀಪ ಹಚ್ಚಿರುತ್ತಾರೆ. ಅದನ್ನು ನೆನೆದು ಒಂದಿಷ್ಟು ಸಮಾಧಾನ ಮಾಡಿಕೊಂಡೆ. ಆದರೆ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ತಮ್ಮನಿಗೂ ನನ್ನ ಮಾತು ಕೇಳಿಸಿತ್ತು. ಒಳಗೆ ಬಂದವನು ನಿಂತುಕೊಂಡೇ ಕಾಫಿ ಕುಡಿದು ಲೋಟ ಇಟ್ಟ.

ಆಡಿದ್ದು ಸುಳ್ಳಲ್ಲ. ಆದರೆ ಅವರಿಗೆ ತಿಳಿಯಬೇಕಾಗಿದ್ದದ್ದು ಮುಂದೆ ಕಲಿಯುತ್ತಾನೆಯೇ ಎಂದು. ನಾನು ಹೇಳಿದ್ದು ಹಿಂದೆ ನಾನೇನು ಕಲಿಸಿದೆ ಎಂದು. ಹೇಳಿಕೊಟ್ಟರೆ ಕಲಿಯುತ್ತಾನೆ ಎಂದೂ ಸೇರಿಸಬಹುದಿತ್ತು. ಅದಕ್ಕೆ ದೀಪ ಆರಿಹೋಗುತ್ತಿರಲಿಲ್ಲ.

ತಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಹತ್ತಿರ ಸೇರಿದ. ಗೂಡಿನ ಮೂಟೆ ಹೊರುವುದು, ಬಿಸಿನೀರು ಕಾಯಿಸಿ ಹೊಯ್ಯುವುದು, ಯಾರಿಗೆ ಮೈ ಸರಿಯಿಲ್ಲದಿದ್ದರೂ ಅವರ ಪಾಳಿಗೆ ನಿಲ್ಲುವುದು. ಬೇಗ ಕಲಿತನೆಂದು ಅವನ ಮಾಲೀಕರೇ ಹೊಗಳಿದಾಗ ನನಗೆ ಸಂತೋಷವಾಗಬೇಕಿತ್ತು. ಕುಡಿಯುತ್ತಿದ್ದ ಮಜ್ಜಿಗೆಯನ್ನು ಅರ್ಧಕ್ಕೇ ಕೆಳಗಿಟ್ಟೆ. ಅವನನ್ನು ಆರಿಸಬಹುದಿತ್ತು. ಹಿಂದಿನ ಬಾಗಿಲನ್ನು ಮುಚ್ಚಲು ಅವನಿಗೆ ಬರುತ್ತಿತ್ತು. ಯಾರೂ ಹೇಳಿರಲಿಲ್ಲ, ಅಷ್ಟೆ.

ಈಗಲೂ ಬಂದಾಗ ಕೇಳದೆಯೇ ನನ್ನ ಸೊಂಟದಿಂದ ಬಿಂದಿಗೆ ಕಿತ್ತುಕೊಳ್ಳುತ್ತಾನೆ. ಊಟವಾದ ಮೇಲೆ ಅದೇ ನಡುಮನೆಯಲ್ಲಿ ಅಡ್ಡಲಾಗಿ ಮಲಗುತ್ತಾನೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆ:

"ಸುತ್ಕೊಂಡು ಹೋಗಕ್ಕ. ಇರೋದೂ ಹೋದೀತು."

ನಾನು ಗೋಡೆ ಹಿಡಿದುಕೊಂಡು ಸುತ್ತಿ ಹೋಗುತ್ತೇನೆ.