ಫಿಟ್ಸ್ ಎಂದು ಹೇಳಿದವಳು

ಕೊಟ್ರೇಶಣ್ಣ, ನನ್ನ ಗಂಡನಿಗೆ ಫಿಟ್ಸ್ ಬರುತ್ತದೆಂದು ಡ್ರೈವಿಂಗ್ ಕಲಿಸುವ ಮಾಸ್ತರರಿಗೆ ಹೇಳಿದವನು ನೀನಲ್ಲ — ನಾನು. ಅವರಿಗೆ ಒಂದು ದಿನವೂ ಫಿಟ್ಸ್ ಬಂದಿರಲಿಲ್ಲ.

ಎಂಬತ್ತರ ದಶಕದ ಆರಂಭ ಅದು. ನೀವಿಬ್ಬರೂ ತಂಬ್ರಹಳ್ಳಿಯಿಂದ ಸೈಕಲ್ ಮೇಲೆ ಹಗರಿಬೊಮ್ಮನಹಳ್ಳಿಯ ಎಣ್ಣೆ ಮಿಲ್ಲಿಗೆ ಹೋಗಿ ಶೇಂಗಾ ಚೀಲ ಹೊರುತ್ತಿದ್ದಿರಿ. ಮಿಲ್ಲಿನ ಲಾರಿಗೆ ಒಬ್ಬ ಡ್ರೈವರ್ ಬೇಕಾಗಿತ್ತು. ಸ್ಟೇಷನ್ ರಸ್ತೆಯಲ್ಲಿ ಡ್ರೈವಿಂಗ್ ಕಲಿಸುತ್ತಾರೆಂದು ವಿಚಾರಿಸಿಕೊಂಡು ಬಂದವನೂ ನೀನೇ.

"ಲೇ ಬಸ್ಯಾ, ಇಬ್ರೂ ಹೆಸರು ಹಚ್ಚೂಣು. ಯಾರಿಗೆ ಕೆಲಸ ಸಿಕ್ರೂ ಚಲೋನ," ಎಂದೆ ನೀನು, ನಮ್ಮ ಪಡಸಾಲೆಯಲ್ಲಿ ಕೂತು. ನನ್ನ ಗಂಡನ ಮುಖ ಅರಳಿತು. ಒಲೆಯ ಮುಂದೆ ಕೂತ ನನಗೆ ಹೆದರಿಕೆಯಾಯಿತು — ಕೂಡ್ಲಿಗಿ ದಾರಿಯಲ್ಲಿ ಲಾರಿ ಮಗುಚಿ ನನ್ನ ತಮ್ಮ ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ಹೆದರಿಕೆಯನ್ನು ಗಂಡನ ಮುಂದೆ ಹೇಳಬಹುದಿತ್ತು. ಹೇಳಲಿಲ್ಲ.

ಸಂತೆಯ ನೆಪ ಮಾಡಿ ನಿಮಗಿಂತ ಮೊದಲೇ ಮಾಸ್ತರರ ಬಳಿ ಹೋದೆ. "ನಮ್ಮನಿಯವರಿಗೆ ಫಿಟ್ಸ್ ಬರ್ತಾವ್ರಿ. ನಾ ಹೇಳಿದ್ದು ಗೊತ್ತಾಗಬಾರದ್ರಿ," ಎಂದೆ.

ಮಾಸ್ತರರು ನಿನ್ನನ್ನು ಸೇರಿಸಿಕೊಂಡರು, ನನ್ನ ಗಂಡನನ್ನು ಫಿಟ್ಸ್ ಇದೆಯೆಂದು ವಾಪಸು ಕಳಿಸಿದರು. ಯಾರು ಹೇಳಿದರೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲವಂತೆ. "ಕೆಲಸದ ಆಸೆಗೆ ಕೊಟ್ರೇಶಿ ಹಿಂಗ ಮಾಡ್ಯಾನ," ಎಂದು ಅವರು ಊಟದ ಮುಂದೆ ಕೂತು ಅತ್ತರು. ಆಗಲೇ ನಾನು ನಿಜ ಹೇಳಬೇಕಿತ್ತು — ಇಲ್ಲ, ಇನ್ನೊಂದು ರೊಟ್ಟಿ ಹಾಕಿದೆ, ಅಷ್ಟೆ.

ಲಾರಿ ನಿನಗೆ ಸಿಕ್ಕಿತು. ನೀನು ಮನೆಗೆ ಬಂದರೆ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಹೊರಡುವಾಗ ನೀನು ನನ್ನನ್ನು ಕೇಳಿದೆ: "ತಂಗೀ, ನಾ ಏನು ತಪ್ಪು ಮಾಡೀನಿ, ನೀನರ ಹೇಳವ್ವ." ನಾನು ಒಳಗೆ ಹೋಗಿಬಿಟ್ಟೆ. ಅವರು ಬೆನ್ನು ಬಾಗುವ ತನಕ ಚೀಲ ಹೊತ್ತರು. ನೀನು ನಮ್ಮ ಓಣಿಗೆ ಬರುವುದನ್ನೇ ಬಿಟ್ಟೆ. ಅವರ ಜೀವ ಉಳಿಸಿದೆ ಎಂದುಕೊಂಡಿದ್ದೆ — ಜೀವದ ಗೆಳೆಯನನ್ನೇ ಕಸಿದಿದ್ದೆ.

ಇಷ್ಟು ವರ್ಷಗಳಾದ ಮೇಲೆ, ಇವತ್ತು ಬೆಳಿಗ್ಗೆ ಎಲ್ಲವನ್ನೂ ಅವರಿಗೆ ಹೇಳಿದೆ. ಬೈಯಲಿಲ್ಲ. "ಕೊಟ್ರೇಶಿ ಊರಾಗ ಅದಾನೇನು?" ಎಂದು ಕೇಳಿದರು. ನಿನ್ನ ಮನೆಗೆ ಬರಲು ಈಗ ಅಂಗಿ ಹಾಕಿಕೊಳ್ಳುತ್ತಿದ್ದಾರೆ.

ಅವರನ್ನು ಒಳಗೆ ಕರಿ, ಅಣ್ಣ. ಹಿಂದೆಯೇ ನಾನೂ ಬರುತ್ತೇನೆ. ನನ್ನ ಮುಖ ನೋಡಲು ನಿನಗೆ ಮನಸ್ಸಾಗದಿದ್ದರೆ, ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.