ಕಾಕಾನ ತಂಬಿಗೆ ನೀರು

ಮೊನ್ನೆ ಹೊಸ ಕಂಪ್ಯೂಟರ್ ಜೋಡಿಸಲು ಕೂತಾಗ ಆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಕೈಗೆ ಸಿಕ್ಕಿತು. ನೀರಿನಿಂದ ತಣ್ಣಗಾಗುವ ಕಂಪ್ಯೂಟರಿನಲ್ಲಿ ಪ್ರೊಸೆಸರಿನ ಮೇಲೆ ಒಂದು ತಾಮ್ರದ ತಗಡು ಕೂರುತ್ತದೆ. ತಗಡು ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ, ಪಂಪು ಆ ನೀರನ್ನು ಫ್ಯಾನಿನ ಕಡೆ ಅಟ್ಟುತ್ತದೆ, ತಣ್ಣಗಾದ ನೀರು ತಿರುಗಿ ಬರುತ್ತದೆ. ಇಷ್ಟೇ ಅದರ ಸಂಸಾರ. ತಾಮ್ರಕ್ಕೆ ಗೀರು ಬೀಳದಿರಲಿ ಎಂದು ತಯಾರಿಸಿದವರು ಅದರ ಮೇಲೆ ಪಾರದರ್ಶಕ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಕೂರಿಸುವ ಮೊದಲು ಅದನ್ನು ಕಿತ್ತೆಸೆಯಬೇಕು, ಇಲ್ಲದಿದ್ದರೆ ಬಿಸಿ ತಾಮ್ರಕ್ಕೆ ದಾಟುವುದಿಲ್ಲ. ಉಗುರು ಹಾಕಿ ಎಳೆದೆ, ಚರ್ರೆಂದು ಬಂತು. ಆ ಸದ್ದಿಗೆ ನನ್ನ ಕಿವಿ ಬಿಸಿಯಾದವು. ಬಾಜೂ ಮನೆಯ ಕಾಕಾ ನೆನಪಾದರು...

ಕಾಕಾ ಹಿಡಕಲ್ ಡ್ಯಾಮಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದು ನಿವೃತ್ತರಾಗಿ ಗೋಕಾವಿಯ ನಮ್ಮ ಓಣಿಗೆ ಬಂದು ನೆಲೆಸಿದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಜಂಬ. "ನೀವೆಲ್ಲಾ ಇಷ್ಟ ವರ್ಸ ನನ್ನ ಕೈಯಾಗಿನ ನೀರ ಕುಡದೀರಿ" ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು, ಘಟಪ್ರಭೆ ಅವರ ಮನೆ ನಳದಿಂದಲೇ ಹೊರಟಿದ್ದಾಳೆ ಅನ್ನುವ ಹಾಗೆ. ಪ್ರತಿ ಮಳೆಗಾಲ ಡ್ಯಾಮು ತುಂಬಿದಾಗ ಹಳೆಯ ಜೊತೆಗಾರರನ್ನು ನೋಡಲು ಹೋಗಿ, ತಾಮ್ರದ ತಂಬಿಗೆಯಲ್ಲಿ ನೀರು ತಂದು, ಬಾಯಿಗೆ ಬಟ್ಟೆ ಕಟ್ಟಿ ಜಗಲಿಯ ಮೇಲೆ ಇಡುತ್ತಿದ್ದರು. ಓಣಿಯಲ್ಲಿ ಯಾರೇ ಬೋರ್ ಹೊಡೆಸಲಿ, ಟ್ಯಾಂಕು ಕೂರಿಸಲಿ, ಬೇಸಿಗೆಗೆ ಕೂಲರ್ ತರಲಿ, ಕಾಕಾ ತಂಬಿಗೆ ಹಿಡಿದು ಬಂದು ಒಂದು ಬೊಗಸೆ ಬಿಡಬೇಕು. "ಹೊಸಾ ನೀರ ಒಂಟಿ ಇರಬಾರದು. ಹಳೇ ನೀರಿನ ಗುರ್ತ ಆಗಬೇಕು" ಎನ್ನುತ್ತಿದ್ದರು. ಓಣಿಯವರು ನಗುತ್ತಿದ್ದರು. ಆದರೂ ಅವರನ್ನು ಕರೆಯದೆ ಯಾರೂ ಟ್ಯಾಂಕು ತುಂಬಿಸುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಮದುವೆ ವಿಡಿಯೋ ಮಾಡುವ ನನ್ನ ಸಣ್ಣ ಸ್ಟುಡಿಯೋ. ಕೆಲಸ ಬೇಗ ಸಾಗಲೆಂದು ಬಿಡಿಭಾಗ ತರಿಸಿ ನಾನೇ ಕಂಪ್ಯೂಟರ್ ಜೋಡಿಸಿದೆ. ಗಾಜಿನ ಹಾಗೆ ಕಾಣುವ ಪುಟ್ಟ ಟ್ಯಾಂಕಿಗೆ ನಾನು ಬ್ಯಾಟರಿಗೆ ಹಾಕುವ ಶುದ್ಧ ನೀರು ಸುರಿಯುವುದನ್ನು ಕಂಡು ಕಾಕಾ ಬಾಗಿಲಲ್ಲೇ ನಿಂತುಬಿಟ್ಟರು.

"ಕರೆಂಟಿನ ಡಬ್ಬ್ಯಾಗ ನೀರ? ತಮ್ಮಾ, ತಲಿ ನೆಟ್ಟಗೈತಿಲ್ಲೋ?"

ವಿವರಿಸಿದೆ. ಪಂಪು, ಪೈಪು, ಟ್ಯಾಂಕು ಎನ್ನುವ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. ಕಂಪ್ಯೂಟರಿನೊಳಗೂ ತಮ್ಮ ಇಲಾಖೆ ಬಂದಿದೆ! ಅವತ್ತಿನಿಂದ ಅದರ ನೀರಿನ ಉಸ್ತುವಾರಿ ಅವರದೇ. ಪಂಪು ಗುಳುಗುಳು ಎಂದರೆ "ಗಾಳಿ ಹಿಡದೈತಿ" ಎಂದು ಎದ್ದು ಬರುತ್ತಿದ್ದರು. ಇಬ್ಬರೂ ಸೇರಿ ಡಬ್ಬಿಯನ್ನು ಎತ್ತಿ, ಕೂಸಿಗೆ ತೇಗು ಬರಿಸಿದ ಹಾಗೆ ಅತ್ತ ಇತ್ತ ವಾಲಿಸಿ ಗುಳ್ಳೆ ಹೊರಡಿಸುತ್ತಿದ್ದೆವು. ಗಾಳಿ ಹೋದಷ್ಟೂ ಟ್ಯಾಂಕಿನ ನೀರು ಇಳಿಯುತ್ತಿತ್ತು. ಅಷ್ಟರಲ್ಲಿ ಹುಕ್ಕೇರಿಯಲ್ಲಿ ಒಂದು ಮದುವೆ ಬಂತು. ಗುಳ್ಳೆ ಪೂರ್ತಿ ಹೋಗಲಿ ಎಂದು ಪಂಪೊಂದನ್ನೇ ಓಡಲು ಬಿಟ್ಟು, ನೀರು ಎಲ್ಲಾದರೂ ಒಸರಿದರೆ ಸ್ವಿಚ್ ಆರಿಸಿ ಎಂದು ಕಾಕಾಗೆ ಹೇಳಿ ಹೋದೆ. ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತರಂತೆ, ಊಟಕ್ಕೂ ಏಳಲಿಲ್ಲವಂತೆ.

ಆ ಮದುವೆಯ ವರನ ಕಡೆಯವರು ಮೂಡಲಗಿಯವರು. ವಿಡಿಯೋ ನೋಡಲು ಮನೆಮಂದಿಯೆಲ್ಲ ಬಂದರು. ಕಾಕಾ ಅವರಿಗೆಲ್ಲ ಟ್ಯಾಂಕು ತೋರಿಸಿ, ಇದು ನೀರಿನ ಮೇಲೆ ನಡೆಯುವ ಕಂಪ್ಯೂಟರ್, ನೀರಿನ ಜವಾಬ್ದಾರಿ ತನ್ನದು ಎಂದು ಭಾಷಣ ಮಾಡಿದರು. ಹಳೆಯ ಕಂಪ್ಯೂಟರಿನಲ್ಲೇ ಮುಗಿಸಿದ್ದ ವಿಡಿಯೋವನ್ನು ನಾನು ಹೊಸದರಲ್ಲಿ ಮೊದಲ ಸಲ ಹಚ್ಚಿದೆ. ಅಕ್ಷತೆ ಬೀಳುವ ಹೊತ್ತಿಗೆ ಫ್ಯಾನುಗಳು ಒದರತೊಡಗಿದವು, ಬಿಸಿಯ ಅಂಕಿ ಏರುತ್ತಾ ಹೋಗಿ ಎಲ್ಲ ಕಪ್ಪಾಯಿತು. ಮತ್ತೆ ಹಚ್ಚಿದೆ, ಮತ್ತೆ ಕಪ್ಪು. ಬಗ್ಗಿ ನೋಡಿದರೆ ಟ್ಯಾಂಕಿನ ನೀರಿಗೆ ಕೆಮ್ಮಣ್ಣಿನ ಛಾಯೆ.

"ಕಾಕಾ, ನೀರ ಯಾಕ ಹಿಂಗಾಗೇತ್ರಿ?"

"ಕಡಿಮಿ ಆಗಿತ್ತು, ಹಾಕೇನಿ" ಎಂದರು ಎದೆ ಸೆಟೆಸಿ. "ತಂಬಿಗಿದು. ಹಿಡಕಲ್ ನೀರು."

ವರನ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಜ್ಜಾರ, ಕಬ್ಬಿಗೆ ಬಿಟ್ಟಂಗ ಬಿಟ್ಟೀರೇನ್ರಿ!" ಕೋಣೆಗೆ ಕೋಣೆಯೇ ನಕ್ಕಿತು. ಕಾಕಾ ಕೂಡ ಮೊದಲು ಎಲ್ಲರ ಜೊತೆ ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ನಾನು ನಗಲಿಲ್ಲ, ಬೈಯಲೂ ಇಲ್ಲ. ಆದರೆ ನೀರೇ ಕೆಡಿಸಿತು ಎಂದು ಆಗ ನಾನೂ ನಂಬಿದ್ದೆ, ಅದು ಅವರಿಗೆ ಕಂಡಿತು. "ನಂದ ತಪ್ಪಾತು ತಮ್ಮಾ" ಎಂದು ಎದ್ದು ಹೋದರು. ಚಪ್ಪಲಿ ನಮ್ಮ ಬಾಗಿಲಲ್ಲೇ ಉಳಿದವು.

ಮಂದಿ ಹೋದ ಮೇಲೆ ನೀರು ಬಸಿದೆ. ಬಕೆಟ್ಟಿನಲ್ಲಿ ಕಂದು ನೀರು, ಅದರಲ್ಲೊಂದು ಹಸಿರು ಎಳೆ. ಕಾಕಾ ತಮ್ಮ ಗೇಟಿನ ಹಿಂದೆ ನಿಂತು ಅದನ್ನು ನೋಡುತ್ತಿದ್ದರು. ತೊಳೆದು ಹೊಸ ಬ್ಯಾಟರಿ ನೀರು ತುಂಬಿದೆ. ಬಿಸಿ ಒಂದಿಷ್ಟೂ ಇಳಿಯಲಿಲ್ಲ! ಪಂಪು ಓಡುತ್ತಿದೆ, ಪೈಪು ಮಡಚಿಲ್ಲ, ಗುಳ್ಳೆಯೂ ಇಲ್ಲ. ಕೊನೆಗೆ ತಾಮ್ರದ ತಗಡನ್ನೇ ಬಿಚ್ಚಿದೆ. ಅದರ ಮೈಗೆ ಆ ಹಾಳೆ, ಬಿಸಿಗೆ ಸುಕ್ಕುಗಟ್ಟಿ, ಹಾಗೇ ಅಂಟಿಕೊಂಡಿತ್ತು. ಕೀಳಲು ಮರೆತವನು ನಾನು. ಡ್ಯಾಮಿನ ನೀರು ತಿಂಗಳುಗಟ್ಟಲೆ ನಿಂತರೆ ಪಾಚಿ ಕಟ್ಟುವುದು ನಿಜ, ಆದರೆ ಅವತ್ತು ಕಂಪ್ಯೂಟರ್ ಆರಿಸಿದ್ದು ಅದಲ್ಲ.

ಹಾಳೆ ಕಿತ್ತು ತಗಡನ್ನು ತಿರುಗಿ ಕೂರಿಸಿದ್ದೇ ವಿಡಿಯೋ ಕೊನೆಯವರೆಗೂ ಓಡಿತು. ಹಾಳೆ ಹಿಡಿದುಕೊಂಡು ಕಾಕಾನ ಮನೆಗೆ ಓಡಿದೆ. ತಪ್ಪು ನನ್ನದು ಎಂದೆ. ಕಾಕಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟರು.

"ಮುದುಕಗ ಕೆಟ್ಟ ಅನಸಬಾರದಂತ ಹೇಳಾಕತ್ತಿ. ಹೊಸಾ ನೀರ ಹಾಕಿದಿ, ಮಶೀನ ನಡೀತು. ನಾ ಏನ ಕುರಡನ?"

"ಖರೇನ ರೀ ಕಾಕಾ. ಬೇಕಂದ್ರ ನಿಮ್ಮ ತಂಬಿಗಿ ನೀರ ತಿರಗಿ ಹಾಕಿ ನಡಸಿ ತೋರಸ್ತೀನಿ."

ನನ್ನ ಎರಡೂ ಕೈ ಹಿಡಿದುಕೊಂಡರು. "ಬ್ಯಾಡಪಾ. ಅನ್ನದ ಮಶೀನ ಅದು. ನಿಂದ ಭಾಳ ದೊಡ್ಡ ಮನಸ್ಸು."

ಅಲ್ಲಿಗೆ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಅದನ್ನು ಓಣಿ ತುಂಬ ಹೇಳಿದರು. ಹುಡುಗ ಅಂದರೆ ಹೀಗಿರಬೇಕು, ನನ್ನ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡ ಎಂದು. ಚಹಾದ ಅಂಗಡಿಯಲ್ಲಿ ಜನ ಸರಿದು ನನಗೆ ಜಾಗ ಮಾಡಿಕೊಡತೊಡಗಿದರು. ಇಲ್ಲ, ಖರೆಯೇ ನನ್ನ ತಪ್ಪು ಎಂದರೆ ಇನ್ನಷ್ಟು ಮೆಚ್ಚಿಕೊಳ್ಳುತ್ತಿದ್ದರು. ಮೂಡಲಗಿಯ ಆ ವರನ ಅಪ್ಪನಿಗೆ ಫೋನು ಮಾಡಿ ಹೇಳಿದೆ. "ಗೊತ್ತೈತ್ರಿ, ಅಜ್ಜನ್ನ ಉಳಸಾಕತ್ತೀರಿ" ಎಂದ. ಮಾಡಿದ ತಪ್ಪಿಗೆ ಬೈಸಿಕೊಂಡಿದ್ದೇನೆ, ಅದು ಮರೆತುಹೋಗುತ್ತದೆ. ಮಾಡಿದ ತಪ್ಪಿಗೆ ಹೊಗಳಿಸಿಕೊಳ್ಳುವ ನಾಚಿಕೆ ಮಾತ್ರ ಯಾರಿಗೂ ಬೇಡ. ನನಗೆ ಸಿಕ್ಕ ಒಂದೊಂದು ಶಹಬ್ಬಾಸಿಗೂ ಕಾಕಾ ಒಂದಿಷ್ಟು ಚಿಕ್ಕವರಾಗುತ್ತಿದ್ದರು.

ಮುಂದಿನ ಮಳೆಗಾಲ ಡ್ಯಾಮು ತುಂಬಿದ ಸುದ್ದಿ ಬಂತು. ಬೈಕಿನ ಮೇಲೆ ನಾನೇ ಕರೆದೊಯ್ಯುತ್ತೇನೆ ಬನ್ನಿ ಎಂದು ಹೋದೆ. ತಂಬಿಗೆ ಅಡುಗೆಮನೆಯ ಹಲಗೆಯ ಮೇಲೆ ಬೋರಲು ಬಿದ್ದಿತ್ತು.

"ಈ ಸಲ ಬ್ಯಾಡ ತಮ್ಮಾ. ನಾ ಮುಟ್ಟಿದ ನೀರ ಕೆಡತೈತಿ."

ತಮಾಷೆಗೆ ಅಂದರೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ಆ ವರ್ಷ ಎದುರು ಮನೆಯವರು ಹೊಸ ಟ್ಯಾಂಕು ಕೂರಿಸಿ, ಕರೆಯಲು ಬಂದರು. ಕಾಕಾ ಮೈ ಸರಿಯಿಲ್ಲ ಎಂದು ಒಳಗೇ ಉಳಿದರು. ಟ್ಯಾಂಕು ಹಾಗೇ ತುಂಬಿತು...

ಕಾಕಾ ತೀರಿಕೊಂಡದ್ದು ಅದರ ಮರುವರ್ಷ. ಕೂರಿಸಿ ಮಣ್ಣು ಮಾಡುವಾಗ ನಾನೂ ಒಂದು ಹಿಡಿ ಹಾಕಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ನೀ ಅವರ ಮಾನ ಕಾಯ್ದಿ" ಎಂದರು. ಆ ಗುಂಡಿಗೆ ನಾನೇ ಇಳಿಯಬೇಕೆನಿಸಿತು.

ಮೊನ್ನೆ ಕಿತ್ತ ಹಾಳೆಯನ್ನು ಹಿಡಿದುಕೊಂಡೇ ಬಾಜೂ ಮನೆಗೆ ಹೋದೆ. ಕಾಕಾನ ಹೆಂಡತಿ ಕಾಕು ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದರು. ಹಾಳೆ ತೋರಿಸಿ, ಹೊಸ ಮಶೀನಿನಲ್ಲೂ ಇದು ಬರುತ್ತದೆ ನೋಡಿ, ಅವತ್ತು ಇದನ್ನು ಕೀಳದೆ ಬಿಟ್ಟವನು ನಾನು, ಕಾಕಾನ ನೀರಿನದು ಏನೂ ತಪ್ಪಿರಲಿಲ್ಲ ಎಂದೆ.

ಕಾಕು ಅವರೆಯ ಬುಟ್ಟಿ ಬದಿಗಿಟ್ಟರು. ಆಮೇಲೆ ಕಣ್ಣೊರೆಸಿಕೊಂಡರು.

"ಅವರ ಹೋದ್ರೂ ನೀ ಇನ್ನೂ ಅವರ ತಪ್ಪ ಹೊತ್ತಕೊಂಡ ಅಡ್ಡಾಡತಿಯಲ್ಲೋ ತಮ್ಮಾ. ಸಾಕ ಬಿಡು. ನಿನ್ನಂಥಾ ಮಗಾ ಯಾರಿಗೆ ಸಿಗತಾನ..."

ಬಾ ಎಂದು ಒಳಗೆ ಕರೆದು ಚಹಾ ಕೊಟ್ಟರು. ಒಳಗೆ ಹಲಗೆಯ ಮೇಲೆ ತಂಬಿಗೆ ಇನ್ನೂ ಬೋರಲೇ ಇತ್ತು. ನಾನು ತಲೆ ತಗ್ಗಿಸಿಕೊಂಡು ಚಹಾ ಕುಡಿದೆ.